ಚೋಮನ ಎತ್ತು, ಸಾಕವ್ವನ ಮನೆಯ ಕಡಲೆಕಾಯಿ

(ಸುತ್ತೂರಿನಲ್ಲಿ ಓದುಗರ ಮುಂದೆ ಮಾಡಿದ ಭಾಷಣ)

ಕಾದಂಬರಿಗಳ ಬಗ್ಗೆ ಮಾತನಾಡಲು ಪಂಡಿತರನ್ನು ಕರೆಯುವುದು ರೂಢಿ. ನೀವು ನನ್ನನ್ನು ಕರೆದಿದ್ದೀರಿ. ನನ್ನ ತಂದೆಯವರು ಗಿರಣಿಯ ಕೆಲಸಗಾರರಾಗಿದ್ದರು. ನಾನು ಚಿಲ್ಲರೆ ವ್ಯಾಪಾರದವನು. ಇಲ್ಲಿನ ಜಾತ್ರೆಯಲ್ಲಿ ಕಡಲೆಕಾಯಿ, ಪುರಿ ಹಾಕಿಕೊಂಡು ಕೂತದ್ದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಆದುದರಿಂದ ವಿಮರ್ಶೆಯನ್ನು ನಿರೀಕ್ಷಿಸಬೇಡಿ. ಓದಿದಾಗ ನನಗೆ ಏನಾಯಿತೆಂಬುದನ್ನಷ್ಟೇ ಹೇಳುತ್ತೇನೆ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಪುಸ್ತಕ. ಚೋಮನ ಬಳಿ ಎರಡು ಎತ್ತುಗಳಿವೆ. ಉಳಲು ತುಂಡು ಭೂಮಿಯಿಲ್ಲ. ಅಸ್ಪೃಶ್ಯನಿಗೆ ಗೇಣಿಗೆ ಕೊಡುವ ಪದ್ಧತಿಯೇ ಇಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ಒಮ್ಮೆ ಕರಗುತ್ತದೆ, ಅವನ ತಾಯಿ ಬಿಡುವುದಿಲ್ಲ. ಕಾಫಿ ತೋಟದ ಸಾಲಕ್ಕಾಗಿ ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬೊಬ್ಬರಾಗಿ ಕೈತಪ್ಪಿ ಹೋಗುತ್ತಾರೆ. ಕೊನೆಗೆ ಉಳಿಯುವುದು ದುಡಿಯೊಂದೇ.

ಓದಿ ಅತ್ತೆ. ಆದರೆ ಬಂಧುಗಳೇ, ಅದು ಅಗ್ಗದ ಕಣ್ಣೀರು. ಆ ಧಣಿ ದಕ್ಷಿಣ ಕನ್ನಡದವನು, ನಾನು ಮೈಸೂರು ಸೀಮೆಯವನು. ಅವನ ತಪ್ಪಿಗೆ ನಾನೇಕೆ ತಲೆ ತಗ್ಗಿಸಲಿ? ಜೀತವನ್ನೂ 1976ರ ಕಾನೂನು ರದ್ದುಮಾಡಿತಲ್ಲ ಎಂದುಕೊಂಡು ಪುಸ್ತಕ ಮುಚ್ಚಿಟ್ಟೆ.

ಆಮೇಲೆ ಕೈಗೆ ಬಂದದ್ದು ‘ಒಡಲಾಳ’. ಬರೆದವರು ನಮ್ಮ ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವ. ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. (ಅದರ ಭಾಷೆ ಕಷ್ಟವೆಂದು ದೊಡ್ಡ ಓದುಗರೇ ಹೇಳುತ್ತಾರೆ. ಓದು ಬಾರದ ನಮ್ಮವ್ವನಿಗೆ ನಾನು ಓದಿ ಹೇಳಿದೆ. ಒಂದು ಮಾತಿಗೂ ಅರ್ಥ ಕೇಳಲಿಲ್ಲ.) ‘ಒಡಲಾಳ’ ಸಣ್ಣ ಪುಸ್ತಕ. ಸಾಕವ್ವನ ಹುಂಜ ಕಾಣೆಯಾಗಿದೆ. ಮನೆಗೆ ಕಡಲೆಕಾಯಿ ಮೂಟೆ ಬರುತ್ತದೆ, ಸಾಹುಕಾರನದು, ಕದ್ದದ್ದು. ಮನೆಮಂದಿಯೆಲ್ಲ ಕೂತು ರಾತ್ರಿಯೇ ತಿಂದು ಮುಗಿಸುತ್ತಾರೆ. ಬೆಳಗಾದರೆ ಪೊಲೀಸರು.

ಮೊದಲ ಸಲ ನನಗೆ ಬಂದದ್ದು ಕಣ್ಣೀರಲ್ಲ, ಸಿಟ್ಟು. ಒಂದು ಮೂಟೆ! ಎಷ್ಟು ದಿನದ ಲಾಭ ಹೋಯಿತೆಂದು ಲೆಕ್ಕ ಹಾಕಿದೆ. ಇಲ್ಲಿರುವ ವ್ಯಾಪಾರಿಗಳು ನಗಬೇಡಿ, ನೀವೂ ಹಾಕುತ್ತೀರಿ. ಸಾಕವ್ವನ ಭಾಷೆ ನನ್ನ ಭಾಷೆ, ಊರು ನನ್ನ ಊರು. ನಾನು ಮಾತ್ರ ಪೊಲೀಸರ ಹಿಂದೆ ನಿಂತಿದ್ದೆ. ಎರಡನೆಯ ಸಲ ಓದಿದಾಗ ಬೇರೆ ಲೆಕ್ಕ ಹತ್ತಿತು: ಒಂದು ಮನೆ ಒಂದೇ ರಾತ್ರಿ ಒಂದು ಮೂಟೆ ತಿನ್ನಬೇಕಾದರೆ ಅದು ಎಷ್ಟು ದಿನದ ಹಸಿವು?

ಆಗ ನೆನಪಾಯಿತು. ಹಿಂದೊಂದು ಜಾತ್ರೆಯಲ್ಲಿ, ತೇರಿನ ದಿನ, ಒಬ್ಬ ಹುಡುಗ ನನ್ನ ರಾಶಿಯಿಂದ ಒಂದು ಹಿಡಿ ಕಡಲೆಕಾಯಿ ತೆಗೆದ. ಎಲ್ಲರೆದುರು ಅವನ ಮುಷ್ಟಿ ಬಿಡಿಸಿ, ಕಾಯಿಗಳನ್ನು ಮತ್ತೆ ರಾಶಿಗೆ ಹಾಕಿಸಿದೆ. ಸುತ್ತ ನಿಂತವರು ಭಲೇ ಎಂದರು. ರಾತ್ರಿ ಅಂಗಡಿ ಎತ್ತುವಾಗ ಕಾಲಡಿ ಚೆಲ್ಲಿದ್ದೇ ಎರಡು ಸೇರಿತ್ತು. ಗುಡಿಸಿ ಎಸೆದೆ.

ಎರಡೂ ಪುಸ್ತಕ ನನ್ನ ಅಂಗಡಿಯಲ್ಲಿವೆ. ಗಿರಣಿ ಬಿಟ್ಟು ಮನೆಗೆ ಹೋಗುವಾಗ ಯಾರು ಬೇಕಾದರೂ ಕೇಳಿ ಒಯ್ಯಬಹುದು.