ಕಣ್ಣಾರ ಕಂಡ ಮೇಲೆ

ಪಿಸ್ತೂಲು ಕೊಳ್ಳುವುದಾದರೆ ಎಂಥದನ್ನು ಕೊಳ್ಳಬೇಕೆಂದು ಯಳಂದೂರಿನ ನನ್ನ ಹಳೆಯ ಶಿಷ್ಯನೊಬ್ಬ ಈಚೆಗೆ ಕೊಳ್ಳೇಗಾಲದ ಮನೆಗೆ ಬಂದು ಕೇಳಿದ. ಹಳಗನ್ನಡ ಕಲಿಸಿದವನನ್ನು ಕೇಳುವ ಮಾತೇ! ಆದರೆ ಹನೂರಿನ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದ ನನಗೆ ಪುಸ್ತಕಕ್ಕಿಂತ ಮೊದಲು ಕೋವಿಯ ಪರಿಚಯವಾಗಿತ್ತು. ಬೆಳೆ ಕಾಯಲು ಪರವಾನಗಿ ಪಡೆದ ಜೋಡಿನಳಿಗೆ ನಮ್ಮ ತಂದೆಯವರದು. ತೋಟಾ ತುಂಬದ ಕೋವಿಯನ್ನೇ ಕೊಟ್ಟು ಅವರು ನನಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರು. ಒಂದು ರಾತ್ರಿ ಜೋಳದ ನಡುವೆ ಸದ್ದಾಯಿತು. ಹಂದಿಯೆಂದು ತುಂಬಿದ ಕೋವಿಯನ್ನೆತ್ತಿದೆ. ತಂದೆ ನಳಿಗೆಯನ್ನು ಕೆಳಕ್ಕೊತ್ತಿ, ‘ಕಣ್ಣಾರ ಕಂಡ್ಯಾ ಮಗ?’ ಎಂದರು. ಹೊರಬಂದವನು ತಪ್ಪಿಸಿಕೊಂಡ ಕರುವನ್ನು ಅರಸುತ್ತಿದ್ದ ನೆರೆಹೊಲದ ಮುದುಕ.

ಶಿಷ್ಯನಿಗೆ ತಿಳಿದಷ್ಟು ಹೇಳಿದೆ. 1959ರ ಕಾಯಿದೆಯಂತೆ ಪರವಾನಗಿ, 2016ರ ನಿಯಮಗಳಂತೆ ಸುರಕ್ಷತೆಯ ತರಬೇತಿ. 9 ಮಿ.ಮೀ. ಪಿಸ್ತೂಲು ನಿಷಿದ್ಧ ವರ್ಗದ್ದು. ಪಾಯಿಂಟ್ 32 ಸಾಮಾನ್ಯರಿಗೆ ದೊರೆಯುವಂಥದು. ಹಿಡಿ ಅಂಗೈಗೆ ಒಗ್ಗಬೇಕು. ನಳಿಗೆ ಗಿಡ್ಡವಾದ್ದರಿಂದ ಮಣಿಕಟ್ಟು ತುಸು ತಿರುಗಿದರೂ ಗುರಿ ತಪ್ಪುತ್ತದೆ. ಉದ್ದ ಕೋವಿಗಿಂತ ಇದಕ್ಕೇ ಅಭ್ಯಾಸ ಹೆಚ್ಚು ಬೇಕು.

‘ಅಷ್ಟೆಲ್ಲ ಏಕೆ ಸಾರ್? ಧೈರ್ಯಕ್ಕೆಂದು ಬೀರುವಿನಲ್ಲಿ ಇಟ್ಟಿರುತ್ತೇನೆ’ ಎಂದ.

ಬೀರುವಿನ ಬೀಗದ ಕೈ ಎಲ್ಲಿರುತ್ತದೆಂದು ಕೇಳಿದೆ. ಜೊತೆಗೆ ಬಂದಿದ್ದ ಅವನ ಏಳು ವರ್ಷದ ಮಗನೇ ಉತ್ತರಿಸಿದ: ‘ದೇವರ ಪಟದ ಹಿಂದೆ, ತಾತ.’