ಮಕ್ಕಳ ಕುಂಚದಲ್ಲಿ ಅರ್ಕಾವತಿ

ನದಿಯ ಚಿತ್ರ ಬಿಡಿಸು ಎಂದರೆ ಮಕ್ಕಳು ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ನೀಲಿ ಗೆರೆ ಎಳೆಯುತ್ತಾರೆ. ಆ ನೀಲಿ ಅವರು ಕಂಡ ಹೊಳೆಯದಲ್ಲ, ಪುಸ್ತಕದ್ದು.

ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರ ಸೀಮೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಯನ್ನೇ ನೋಡಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನೀರುಣಿಸಿದ ಹೊಳೆಯಿದು. ಕೊಳವೆಬಾವಿಗಳು ಅಂತರ್ಜಲ ಹೀರಿದವು, ನೀಲಗಿರಿ ತೋಪುಗಳು ಬೆಳೆದವು, ಕಾಲುವೆಗಳು ಒತ್ತುವರಿಯಾದವು. ಹೊಳೆಯ ಮೇಲ್ಭಾಗ ಬತ್ತಿತು.

ಇದನ್ನು ಬರೀ ಪಾಠ ಮಾಡಿದರೆ ಮಕ್ಕಳು ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಅವರನ್ನು ಹೊಳೆದಂಡೆಗೆ ಕರೆದೊಯ್ಯೋಣ. ಅಜ್ಜಿ ಈಜಿದ ಮಡುವಿನ ಕತೆ ಕೇಳಿ ಒಂದು ಚಿತ್ರ, ಇಂದು ಕಂಡದ್ದು ಇನ್ನೊಂದು ಚಿತ್ರ ಬಿಡಿಸಲಿ. ಮಳೆ, ಹೊಳೆ, ಕೊಳವೆಬಾವಿಗಳೇ ಪಾತ್ರಗಳಾದ ನಾಟಕ ಆಡಲಿ. ಮಳೆಯ ವೇಷದ ಹುಡುಗಿ, "ತಿಂಗಳ ಮಳೆಯನ್ನು ನಾನೇಕೆ ಒಂದೇ ದಿನ ಸುರಿಸುತ್ತಿದ್ದೇನೆ?" ಎಂದು ಕೇಳಿದಾಗ, ಹವಾಮಾನ ಬದಲಾವಣೆ ಅವಳೂರಿನ ಮಾತಾಗುತ್ತದೆ.

ಕೈ ಚಿತ್ರ ಬಿಡಿಸಬೇಕಾದರೆ ಕಣ್ಣು ನಿಂತು ನೋಡಬೇಕು. ನಿಂತು ನೋಡಿದ್ದರ ಮೇಲೆ ಅಕ್ಕರೆ ಹುಟ್ಟುತ್ತದೆ. ಅಕ್ಕರೆಯಿದ್ದಲ್ಲಿ ಕಾಯುವ ಮನಸ್ಸೂ ಬರುತ್ತದೆ.

ಈ ಭಾನುವಾರ ಮನೆಯ ಮಗುವಿನ ಕೈಗೆ ಬಣ್ಣದ ಪೆಟ್ಟಿಗೆ ಕೊಟ್ಟು, ನಿಮ್ಮೂರ ಹೊಳೆಯ ಬಳಿಗೆ ಜೊತೆಯಾಗಿ ಹೋಗಿ ಬನ್ನಿ.