ಸಂಘದ ಬದಲಾವಣೆ ಸಿಬ್ಬಂದಿಗೆ ಮೊದಲು ತಿಳಿಯಲಿ

(ಸಂಘಗಳ ಆಡಳಿತ ಮಂಡಳಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ರಾಸುಗಳ ವಿಷಯ ಬದಿಗಿಟ್ಟು ಇಂದು ಸಂಘದಲ್ಲಿ ದುಡಿಯುವವರ ವಿಷಯ ಮಾತನಾಡುತ್ತೇನೆ. ಹಳ್ಳಿಯ ಸಂಘವೆಂದರೆ ಒಬ್ಬ ಕಾರ್ಯದರ್ಶಿ, ಒಬ್ಬ ಹಾಲು ಪರೀಕ್ಷಕ, ಒಬ್ಬ ಸಹಾಯಕ, ಕೆಲವೆಡೆ ಕೃತಕ ಗರ್ಭಧಾರಣೆ ಕಾರ್ಯಕರ್ತ. ಇಷ್ಟು ಜನಕ್ಕೆ ಸುದ್ದಿ ಮುಟ್ಟಿಸುವುದೇನು ದೊಡ್ಡದು ಎನ್ನುತ್ತೀರಿ. ಆದರೆ ಸುತ್ತೋಲೆ ಬಂದು ಕಡತ ಸೇರುತ್ತದೆ. ಪರೀಕ್ಷಕರಿಗೆ ವಿಷಯ ಗೊತ್ತಾಗುವುದು ಹಾಲು ಹಾಕಲು ಬಂದ ಸದಸ್ಯರ ಬಾಯಿಂದ!

2024ರ ಜೂನ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ನಂದಿನಿ ಪ್ಯಾಕೆಟ್ಟಿನ ಬೆಲೆ 2 ರೂಪಾಯಿ ಏರಿತು. "ಪೇಟೆಯಲ್ಲಿ ಏರಿಸಿದ್ದೀರಿ, ನಮಗೆಲ್ಲಿ?" ಎಂಬಂಥ ಪ್ರಶ್ನೆ ಮೊದಲು ಎದುರಾಗುವುದು ಅಧ್ಯಕ್ಷರಿಗಲ್ಲ, ಬೆಳಗಿನ ಸಾಲಿನ ಮುಂದೆ ನಿಂತ ಸಿಬ್ಬಂದಿಗೆ. ಉತ್ತರ ಸುಲಭವಿತ್ತು. ಪ್ರತಿ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಹೆಚ್ಚು ತುಂಬಿ, ಅದರ ಬೆಲೆಯೆಂದು 2 ರೂಪಾಯಿ ಪಡೆಯಲಾಯಿತು. 42 ರೂಪಾಯಿಯ ಲೀಟರ್ ಪ್ಯಾಕೆಟ್ಟು 1050 ಮಿಲಿಯಾಗಿ 44 ರೂಪಾಯಿ ಆಯಿತು. ಲೀಟರಿನ ದರ ಏರಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ತೆಗೆದು, ಲೀಟರಿಗೆ 4 ರೂಪಾಯಿ ಏರಿಸಿದ್ದು ಬೇರೆಯೇ ಲೆಕ್ಕ. ಇಷ್ಟು ತಿಳಿದ ಪರೀಕ್ಷಕರು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ತಿಳಿಯದವರು "ನನಗೇನು ಗೊತ್ತು, ಮೇಲಿನವರನ್ನು ಕೇಳಿ" ಎನ್ನುತ್ತಾರೆ. ಖಾಸಗಿ ಹಾಲಿನವರಿಗೆ ಆ ಒಂದು ಮಾತು ಸಾಕು.

ದರದ ವಿಷಯವಾದರೂ ಪತ್ರಿಕೆಯಲ್ಲಿ ಬರುತ್ತದೆ. ಬಿ.ಎಂ.ಸಿ. ಬರುವ ವಿಷಯ ಹಾಗಲ್ಲ. ಕ್ಯಾನುಗಳನ್ನು ಲಾರಿಗೆ ಏರಿಸುವ ಕೆಲಸ ನಿಂತಿತೆಂದರೆ ಸಹಾಯಕರಿಗೆ ಮೊದಲು ಹುಟ್ಟುವುದು ತನ್ನ ಅನ್ನದ ಚಿಂತೆ. ಯಾರೂ ಏನೂ ಹೇಳದಿದ್ದರೆ ಅವರು ಬೇರೆ ಕೂಲಿ ಹುಡುಕುತ್ತಾರೆ; ಹುಡುಕಬಾರದೆಂದು ಹೇಳುವ ಹಕ್ಕು ನಮಗಿಲ್ಲ. ನಿಜವಾಗಿ ಅಲ್ಲಿ ಕೆಲಸ ಬದಲಾಗುತ್ತದೆ. ಹಾಲನ್ನು 4 ಡಿಗ್ರಿಗೆ ಇಳಿಸಬೇಕು, ಟ್ಯಾಂಕರ್ ಹಾಲು ಒಯ್ದ ಮೇಲೆ ತೊಟ್ಟಿಯನ್ನು ಪ್ರತಿ ಸಲವೂ ತೊಳೆಯಬೇಕು, ಕರೆಂಟು ಹೋದರೆ ಜನರೇಟರ್ ನೋಡಿಕೊಳ್ಳಬೇಕು. ಮೊದಲು ಒಬ್ಬರ ಹುಳಿ ಹಾಲಿನಿಂದ ಒಂದು ಕ್ಯಾನ್ ಕೆಡುತ್ತಿತ್ತು, ಈಗ ಇಡೀ ತೊಟ್ಟಿ ಕೆಡುತ್ತದೆ. ಆದ್ದರಿಂದ ವಾಸನೆ ನೋಡಿ, ಅನುಮಾನ ಬಂದರೆ ಕುದಿಸಿ ನೋಡುವ ಪರೀಕ್ಷಕರ ಹೊಣೆ ಹೆಚ್ಚುತ್ತದೆ. ಇದನ್ನು ಯಂತ್ರ ಬಂದ ಮೇಲಲ್ಲ, ಮಂಡಳಿ ನಿರ್ಣಯ ಮಾಡಿದ ವಾರವೇ ಹೇಳಿ. ಯಾರದಾದರೂ ಕೆಲಸವೋ ಸಂಬಳವೋ ಕಡಿಮೆಯಾಗುವುದಿದ್ದರೆ ಅದನ್ನೂ ಮುಚ್ಚಿಡದೆ ಅಧ್ಯಕ್ಷರೇ ಹೇಳಬೇಕು. ಆ ಮಾತನ್ನು ಕಾರ್ಯದರ್ಶಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸುತ್ತೋಲೆಯ ಫೋಟೋ ವಾಟ್ಸಾಪ್‌ಗೆ ಹಾಕಿದರೆ ಆಯಿತೆಂದು ಕೆಲವರು ತಿಳಿದಿದ್ದಾರೆ. ಅದು ತಲುಪಿದಂತೆ ಕಾಣುತ್ತದೆ, ಅಷ್ಟೆ. ಸಂಜೆ ಶೇಖರಣೆ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿಕೊಳ್ಳಿ. ಕ್ಯಾನ್ ತೊಳೆಯುವವರನ್ನು ಬಿಡಬೇಡಿ. ಏನು ಬದಲಾಗುತ್ತದೆ, ಏಕೆ, ಯಾವ ದಿನದಿಂದ ಎಂದು ಹೇಳಿ, ಅವರ ಪ್ರಶ್ನೆ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಬರೆದುಕೊಂಡು ನಮ್ಮ ವಿಸ್ತರಣಾಧಿಕಾರಿಯನ್ನು ಕೇಳಿ. ಹೊಸ ದರಪಟ್ಟಿಯನ್ನು ಗೋಡೆಗೆ ಹಚ್ಚುವುದು ಮರುದಿನ ಬೆಳಿಗ್ಗೆ.